ನೆಲಕ್ಕೆ ಕೂರಿಸದ ಒರಳು

ಮದುವೆಯಾಗಿ ಆ ಮನೆಗೆ ಬಂದ ದಿನ ಅಡಿಗೆಮನೆಯಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಒರಳುಕಲ್ಲು. ಒರಳೆಂದರೆ ನೆಲದಲ್ಲಿ ಹೂತು, ಸುತ್ತ ಮಣ್ಣು ಗಟ್ಟಿಮಾಡಿ ಕೂರಿಸುವಂಥದ್ದು. ಇಲ್ಲಿ ಅದು ಗೋಣಿತಟ್ಟಿನ ಮೇಲೆ, ಸುತ್ತ ಇಟ್ಟಿಗೆಗಳ ಒತ್ತು ಇಟ್ಟುಕೊಂಡು, ಬಸ್ಸಿಗೆ ಕಾದು ಕೂತ ಮುದುಕಿಯ ಹಾಗೆ ಒಂದು ಕಡೆಗೆ ವಾಲಿತ್ತು. ಕುಟ್ಟುವಾಗ ಅಲ್ಲಾಡುತ್ತಿತ್ತು. ಒಬ್ಬರು ಒನಕೆ ಹಾಕಿದರೆ ಇನ್ನೊಬ್ಬರು ಅದರ ಅಂಚು ಹಿಡಿದು ಕೂರಬೇಕು. ಹೊಸ ಸೊಸೆಯಾದ ನನ್ನ ಪಾಲಿಗೆ ಬಂದದ್ದು ಆ ಹಿಡಿದು ಕೂರುವ ಕೆಲಸ.

ಯಾಕೆ ಹೂತಿಲ್ಲ ಎಂದು ಕೇಳಿದ್ದಕ್ಕೆ ಅತ್ತೆ ಒನಕೆ ನಿಲ್ಲಿಸದೆಯೇ ಹೇಳಿದರು:

"ನೋಡಾನ ತಡಿ ಮಗ. ಒಂದ್ ಬೆಳೆ ಆಗ್ಲಿ. ಇಲ್ಲೇ ಇರ್ತೀವೋ, ವಾಪಸ್ ಹೋಯ್ತೀವೋ ಯಾರ್ ಕಂಡೋರು. ಹೂತಿದ್ ಕಲ್ಲ ಕಿತ್ತು ಗಾಡಿಗೆ ಏರ್ಸೋ ಕಷ್ಟ ಒಂದ್ಸಲ ಸಾಕು."

ಅತ್ತೆ ಮಾವ ಚನ್ನರಾಯಪಟ್ಟಣದ ಕಡೆಯ ಬಯಲಿನವರು. ಅಣ್ಣತಮ್ಮಂದಿರಲ್ಲಿ ಹೊಲ ಪಾಲಾಗುತ್ತಾ ಬಂದು, ಮಾವನ ಪಾಲಿಗೆ ಉಳಿದದ್ದು ನೇಗಿಲು ತಿರುಗಿಸಲೂ ಕಷ್ಟವಾದಷ್ಟು ಅಗಲ. ನನ್ನವರು ಮೊದಲೇ ಈ ಕಡೆಗೆ ಬಂದು ಸುಂಟಿಕೊಪ್ಪದ ಹತ್ತಿರದ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಕುಶಾಲನಗರದಿಂದ ಮೇಲೆ, ಕಾವೇರಿಯ ಈ ದಡದಲ್ಲಿ, ದುಬಾರೆ ಕಾಡಿಗೆ ಎದುರಾಗಿ ಒಂದಿಷ್ಟು ಗದ್ದೆ ಇದೆಯೆಂದು ತಂದೆಗೆ ಹೇಳಿ ಕರೆಸಿಕೊಂಡವರು ಅವರೇ. ತಾವು ಮಾತ್ರ ಎಸ್ಟೇಟಿನಲ್ಲೇ ಉಳಿದು, ರಜೆ ಸಿಕ್ಕಾಗ ಮನೆಗೆ ಬಂದು ಹೋಗುತ್ತಿದ್ದರು. ಆಗ ಕೊಡಗು ತಾನೇ ಒಂದು ರಾಜ್ಯ. ಕುಶಾಲನಗರದ ಸೇತುವೆಯ ಆಚೆಗೆ ಮೈಸೂರು ರಾಜ್ಯ. ಎತ್ತಿನ ಗಾಡಿಯಲ್ಲಿ ಒರಳು, ಬೀಸುವ ಕಲ್ಲು, ರಾಗಿ ಮೂಟೆ ಹೇರಿಕೊಂಡು ಆ ಸೇತುವೆ ದಾಟಿದ್ದನ್ನು ಅತ್ತೆ ಸಮುದ್ರ ದಾಟಿದಷ್ಟು ಗಂಭೀರವಾಗಿ ಹೇಳುತ್ತಿದ್ದರು. ಊರ ಮನೆಯಲ್ಲಿ ಒರಳಿದ್ದ ಗುಂಡಿ ಹಾಗೇ ಉಳಿದು, ಅದರಲ್ಲಿ ವಾರಗಿತ್ತಿ ಕೋಳಿಯನ್ನು ಕಾವಿಗೆ ಕೂರಿಸಿದ್ದಾಳೆಂದು ಯಾರೋ ಬಂದು ಹೇಳಿದ್ದರಂತೆ. ಆ ಮಾತು ಬಂದಾಗಲೆಲ್ಲ ಅತ್ತೆಯ ಒನಕೆ ಸ್ವಲ್ಪ ಜೋರಾಗಿ ಬೀಳುತ್ತಿತ್ತು.

ನಾನು ಮಡಿಕೇರಿಯಲ್ಲಿ ಹುಟ್ಟಿ ಬೆಳೆದವಳು. ನನ್ನ ತಂದೆಯೂ ಮೈಸೂರು ಕಡೆಯಿಂದ ಬಂದು ಅಲ್ಲಿ ಮೇಷ್ಟರಾದವರು. ನನ್ನನ್ನು ಕಾನ್ವೆಂಟಿಗೆ ಸೇರಿಸಿದ್ದರು. "ಕೊಡಗಿನ ಹುಡುಗೀನೇ ತಂದಿವ್ನಿ, ಇಲ್ಲಿ ರೀತಿನೀತಿ ಎಲ್ಲ ಅವಳಿಗೆ ಗೊತ್ತು" ಎಂದು ಅತ್ತೆ ಬಂದವರೆದುರು ಹೇಳಿಕೊಳ್ಳುತ್ತಿದ್ದರು. ನನಗೆ ಗೊತ್ತಿದ್ದದ್ದು ಕ್ರೋಷಾ ಹಾಕುವುದು, ಕರವಸ್ತ್ರದ ಅಂಚನ್ನು ಹೊಲಿಗೆ ಕಾಣದಂತೆ ಮಡಿಸಿ ಹೊಲಿಯುವುದು, ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಸುಮ್ಮನೆ ನಿಲ್ಲುವುದು. ಗದ್ದೆಯ ಬದುವಿನ ಮೇಲೆ ನಡೆಯಲು ಬರುತ್ತಿರಲಿಲ್ಲ. ಬುತ್ತಿ ಒಯ್ಯುವಾಗ ಜಾರಿ ಕೆಸರಿನಲ್ಲಿ ಕೂತವಳನ್ನು ನೋಡಿ ಮಾವ, ಸಿಸ್ಟರುಗಳು ಇದೊಂದನ್ನು ಕಲಿಸಲಿಲ್ಲವೇ ಎಂದು ಕೇಳಿ, ಬುತ್ತಿಯ ಪಾತ್ರೆಯನ್ನು ಮಾತ್ರ ಎತ್ತಿಕೊಂಡು ಹೋದರು.

ಆ ಮಳೆಗಾಲ ಅತ್ತೆ ಹೊಸದಾಗಿ ಸಂಸಾರ ಕಲಿತರು. ಬೆರಣಿ ಒಣಗುವುದಿಲ್ಲವೆಂದು ತಿಳಿದು ಸೌದೆಗೆ ಒಗ್ಗಿಕೊಂಡರು. ಒಗೆದ ಸೀರೆಯನ್ನು ಒಲೆಯ ಮೇಲಿನ ಅಟ್ಟಕ್ಕೆ ಹರಡಿ, ಹೊಗೆಯ ವಾಸನೆಯ ಸೀರೆ ಉಟ್ಟು ಸಂತೆಗೆ ಹೋದರು. ಅಲ್ಲಿ ಮಲಯಾಳ ಮಾತಾಡುವ ಬಾಳೆಹಣ್ಣಿನವನೊಡನೆ ತಮ್ಮೂರ ಕನ್ನಡದಲ್ಲೇ ಚೌಕಾಸಿ ಮಾಡಿ, ಅವನು ಹೇಳಿದ್ದು ಒಂದೂ ಅರ್ಥವಾಗದೆ, ತಾವು ಅಂದುಕೊಂಡ ಬೆಲೆಗೇ ತರುತ್ತಿದ್ದರು. ಹೊಳೆಯಾಚೆ ದುಬಾರೆ ಕ್ಯಾಂಪಿನ ಆನೆಗಳ ಸಂಕಲೆಯ ಸದ್ದು ಕೇಳಿದರೆ ಮೊದಮೊದಲು ಒಲೆ ಬಿಟ್ಟು ಎದ್ದು ನಿಲ್ಲುತ್ತಿದ್ದವರು, ಮಳೆ ನಿಲ್ಲುವ ಹೊತ್ತಿಗೆ ಆ ಸದ್ದಿನಿಂದಲೇ ಸಂಜೆಯಾಯಿತೆಂದು ದೀಪ ಹಚ್ಚತೊಡಗಿದರು. ಒರಳು ಮಾತ್ರ ಇಟ್ಟಿಗೆಯ ಮೇಲೇ ಇತ್ತು.

ನಮ್ಮ ಗದ್ದೆಗೆ ತಾಗಿದಂತೆ ಒಂದು ಕೊಡವ ಮನೆಯಿತ್ತು. ಆ ಮನೆಯ ಹಿರಿಯಾಕೆ ಅತ್ತೆಗಿಂತ ಹತ್ತು ಹದಿನೈದು ವರ್ಷ ದೊಡ್ಡವರಿರಬೇಕು. ನೆರಿಗೆ ಹಿಂದಕ್ಕೆ ಬಿಟ್ಟು ಸೀರೆ ಉಟ್ಟು, ತಲೆಗೆ ವಸ್ತ್ರ ಕಟ್ಟಿ, ಕೈಯಲ್ಲಿ ಒಂದು ಕತ್ತಿ ಹಿಡಿದೇ ತೋಟದಲ್ಲಿ ತಿರುಗುವವರು. ನನ್ನನ್ನು ಕುಂಞಿ ಎಂದು ಕರೆಯುತ್ತಿದ್ದರು, ಮಗು ಎನ್ನುವ ಹಾಗೆ. ಅತ್ತೆ ಅವರನ್ನು ಅಕ್ಕಾರೆ ಎನ್ನುತ್ತಿದ್ದರು. ಇಬ್ಬರೂ ಬೇಲಿಯ ಎರಡು ಕಡೆ ನಿಂತು ಮಾತಾಡುತ್ತಿದ್ದರೇ ಹೊರತು ಒಬ್ಬರ ಮನೆಗೆ ಇನ್ನೊಬ್ಬರು ಇನ್ನೂ ಹೋಗಿರಲಿಲ್ಲ. ಹೋಗಿಬರಲು ಒಂದು ನೆವ ಬೇಕಲ್ಲ, ಅದಕ್ಕಾಗಿ ಅತ್ತೆ ಕಾಯುತ್ತಿದ್ದರೆಂದು ನನಗೆ ಅನ್ನಿಸುತ್ತಿತ್ತು.

ನೆವ ಗದ್ದೆಯಿಂದಲೇ ಬಂತು. ಮಾವ ಬಿತ್ತಿದ್ದು ಗಾಡಿಯಲ್ಲಿ ತಂದ ತಮ್ಮೂರ ಕೆರೆ ಕೆಳಗಿನ ಭತ್ತ, ಬೇಗ ಬಲಿಯುವ ಜಾತಿ. ದೀಪಾವಳಿ ಕಳೆಯುವಷ್ಟರಲ್ಲಿ, ಸುತ್ತಲಿನ ಗದ್ದೆಗಳೆಲ್ಲ ಇನ್ನೂ ಹಸಿರಾಗಿರುವಾಗ, ನಮ್ಮದೊಂದೇ ಹಳದಿಗೆ ತಿರುಗಿತು. ಹಸಿರು ಸೀರೆಗೆ ಬೇರೆ ಬಣ್ಣದ ತೇಪೆ ಹಾಕಿದ ಹಾಗೆ ಕಾಣುತ್ತಿತ್ತು. ಅತ್ತೆ ಒಂದು ಮೂಲೆಯಲ್ಲಿ ಬಲಿತ ತೆನೆಗಳನ್ನು ಕುಯ್ದು ತಂದು, ಬಡಿದು, ಒಣಗಿಸಿ, ಅಲ್ಲಾಡುವ ಒರಳಿನಲ್ಲಿ ಕುಟ್ಟಿದರು. ಅವರ ಊರಲ್ಲಿ ಹೊಸ ಅಕ್ಕಿ ಮನೆಗೆ ಬಂದ ದಿನ ಹಾಲು ಬೆಲ್ಲ ಹಾಕಿ ಅನ್ನ ಮಾಡಿ, ದೇವರಿಗಿಟ್ಟು, ಅಕ್ಕಪಕ್ಕದವರಿಗೆ ಕೊಟ್ಟು ಉಣ್ಣುವುದು ವಾಡಿಕೆ. ತಾವು ಬೆಳೆದದ್ದನ್ನು ನೆರೆಯವರ ಬಾಯಿಗಿಟ್ಟರೆ ಅಲ್ಲಿಗೆ ನೆರೆ ಎಂಬುದು ಶುರುವಾದ ಹಾಗೆ.

ಹಿತ್ತಾಳೆಯ ಬೋಗುಣಿಯ ತುಂಬ ಸಿಹಿ ಅನ್ನ ಹಾಕಿ, ಮೇಲೆ ತುಪ್ಪ ಬಿಟ್ಟು, ಮುಚ್ಚಲು ನನ್ನ ಹತ್ತಿರ ಒಳ್ಳೆಯ ಬಟ್ಟೆ ಕೇಳಿದರು. ಕಾನ್ವೆಂಟಿನಲ್ಲಿ ಹಾಕಿದ್ದ, ಅಂಚಿಗೆ ಮಣಿ ಪೋಣಿಸಿದ ಬಿಳಿ ಕ್ರೋಷಾ ಮುಚ್ಚಳವನ್ನು ಕೊಟ್ಟೆ. ಒಯ್ದದ್ದೂ ನಾನೇ. ಹಿರಿಯಾಕೆ ಮುಚ್ಚಳ ಸರಿಸಿ ನೋಡಿದರು. ಹೊಸ ಅಕ್ಕಿಯಾ ಎಂದು ಕೇಳಿದರು. ಹೌದೆಂದು ಹೆಮ್ಮೆಯಿಂದಲೇ ಹೇಳಿದೆ. ಅವರು ಮುಚ್ಚಳವನ್ನು ಮತ್ತೆ ಸರಿಯಾಗಿ ಹೊದಿಸಿ, ಬೋಗುಣಿಯನ್ನು ಎರಡೂ ಕೈಯಿಂದ ತೆಗೆದುಕೊಂಡು ಒಳಗೆ ಹೋದರು.

ಮರುದಿನ ಅವರ ಮಗ ಮಡಿಸಿದ ಮುಚ್ಚಳವನ್ನೂ ಬೋಗುಣಿಯನ್ನೂ ತಂದುಕೊಟ್ಟರು. ಬೋಗುಣಿ ತಿಕ್ಕಿ ತೊಳೆದು ಹೊಳೆಯುತ್ತಿತ್ತು. ಒಳಗೆ ಏನೂ ಇರಲಿಲ್ಲ.

ಅತ್ತೆಯ ಊರಲ್ಲಿ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಒಂದು ಚೂರು ಬೆಲ್ಲ, ಇಲ್ಲವೇ ಎರಡು ವೀಳ್ಯದೆಲೆಯಾದರೂ ಇರಬೇಕು. ಕಣ್ಣಿಗೆ ಕಂಡದ್ದು ಸಾಲದೆಂಬಂತೆ ಅವರು ಒಳಗೆ ಕೈಯಾಡಿಸಿ ನೋಡಿದರು. ಆಮೇಲೆ ಬೋಗುಣಿಯನ್ನು ಮಗುಚಿ ಒರಳಿನ ಪಕ್ಕದಲ್ಲಿಟ್ಟರು. ಸಂಜೆ ನೆರೆಮನೆಗೆ ಬರುವ ಆಳು ಹೆಂಗಸೊಬ್ಬಳು ನಮ್ಮ ಬೇಲಿಯ ಬಳಿ ನಿಂತು ಮಾತಿಗೆ ಮಾತು ಬಂದು, ಆ ಮನೆಯಲ್ಲಿ ಅನ್ನವನ್ನು ಯಾರೂ ಮುಟ್ಟಲಿಲ್ಲ ಎಂದುಬಿಟ್ಟಳು. ಅವಳಿಗೆ ಅದರಲ್ಲಿ ಕೆಟ್ಟದ್ದೇನೂ ಕಂಡಿರಲಿಲ್ಲ. ಅತ್ತೆಯ ಮುಖ ನೋಡಿ ಮಾತು ನಿಲ್ಲಿಸಿ ಹೊರಟುಹೋದಳು.

ಅಂದು ಅತ್ತೆ ಮಾವನಿಗೆ ಬಡಿಸುತ್ತಾ, ಜೋರಾಗಿ ಅಲ್ಲ, ಉಪ್ಪು ಸಾಕೇ ಎಂದು ಕೇಳುವ ದನಿಯಲ್ಲೇ ಹೇಳಿದರು:

"ನಮ್ ಕೈಲಿ ಬೇಯ್ಸಿದ್ದ ಮುಟ್ಟದೋರ್ ಪಕ್ಕದಲ್ಲಿ ಹೆಂಗಿರಾದು. ಕುಯ್ಲು ಆಗಿದ್ದೇ ಗದ್ದೆ ಮಾರಿ ಊರಿಗೆ ಹೋಗಾನ."

ಮಾವ ಮುದ್ದೆ ಮುರಿಯುತ್ತಾ, ಇನ್ನೊಮ್ಮೆ ಯೋಚನೆ ಮಾಡು ಎಂದಷ್ಟೇ ಹೇಳಿದರು. ಅವರಿಗೆ ಈ ಮಣ್ಣು ಹಿಡಿಸಿತ್ತು. ಬದುವಿನ ಮೇಲೆ ಕೂತು ಗದ್ದೆಯನ್ನು ನೋಡುತ್ತಾ ಹೊತ್ತು ಕಳೆಯುತ್ತಿದ್ದ ಅವರನ್ನು ನಾನು ಕಂಡಿದ್ದೆ. ಆದರೆ ಅತ್ತೆ ಇಲ್ಲದೆ ಅವರು ಎಲ್ಲಿಯೂ ಇರುವವರಲ್ಲ. ಮುಂದಿನ ದಿನಗಳಲ್ಲಿ ಅತ್ತೆ ಬೇಲಿಯ ಕಡೆಗೆ ಹೋಗುವುದನ್ನೇ ಬಿಟ್ಟರು. ಹೊಳೆಗೂ ಸುತ್ತಿನ ದಾರಿ ಹಿಡಿದರು. ಮಳೆಗಾಲದಲ್ಲಿ ಬಿಚ್ಚಿಟ್ಟಿದ್ದ ಟ್ರಂಕಿನ ಸಾಮಾನು ಒಂದೊಂದಾಗಿ ಮತ್ತೆ ಒಳಗೆ ಹೋಗತೊಡಗಿತು.

ಕ್ರೋಷಾ ಮುಚ್ಚಳ ನನ್ನ ಕೈಯಲ್ಲಿ ಉಳಿದಿತ್ತು. ಅದನ್ನು ಪೆಟ್ಟಿಗೆಗೆ ಹಾಕುವಾಗ ಬಿಡಿಸಿ ನೋಡಿದೆ. ತುಪ್ಪದ ಕಲೆ ಒಂದಿಷ್ಟೂ ಇರಲಿಲ್ಲ. ಸೀಗೆಯ ವಾಸನೆ. ನೂಲು ಎಳೆದಾಡದಂತೆ ಚಪ್ಪಟೆ ಹರಡಿ ಒಣಗಿಸಿದ್ದರು. ಅಂಚಿನ ಮಣಿಗಳೆಲ್ಲ ಒಂದೇ ಕಡೆಗೆ ಬರುವಂತೆ ಮಡಿಸಿದ್ದರು. ಒಂದು ಮಣಿಯ ದಾರ ಮೊದಲೇ ಸಡಿಲವಾಗಿತ್ತು, ಅದಕ್ಕೊಂದು ಗಂಟು ಕೂಡ ಹಾಕಿ ಬಿಗಿಮಾಡಿದ್ದರು. ನಮ್ಮ ಹೊಲಿಗೆಯ ಸಿಸ್ಟರ್ ಇದನ್ನು ಕಂಡಿದ್ದರೆ ಮೆಚ್ಚುತ್ತಿದ್ದರು. ಬೇಡದವರ ಮನೆಯ ಬಟ್ಟೆಗೆ ಯಾರು ಇಷ್ಟು ಉಪಚಾರ ಮಾಡುತ್ತಾರೆ ಎಂದು ಯೋಚಿಸುತ್ತಾ ಕೂತವಳಿಗೆ ಶಾಲೆಯ ಗೆಳತಿಯೊಬ್ಬಳ ನೆನಪಾಯಿತು. ಬೋರ್ಡಿಂಗಿನಲ್ಲಿದ್ದ ಕೊಡವ ಹುಡುಗಿ. ಒಂದು ವರ್ಷ ಇದೇ ದಿನಗಳಲ್ಲಿ ಯಾರೋ ಕಾನ್ವೆಂಟಿಗೆ ಹೊಸ ಅಕ್ಕಿ ಕಾಣಿಕೆ ಕೊಟ್ಟಿದ್ದಾರೆಂದು ಕೇಳಿ, ಅವಳು ಎರಡು ದಿನ ಬ್ರೆಡ್ಡು ತಿಂದೇ ಇದ್ದಳು. ಹೊಟ್ಟೆ ಸರಿಯಿಲ್ಲವೇ ಎಂದು ಸಿಸ್ಟರ್ ಕೇಳಿದರೆ ಹೌದೆಂದು ತಲೆಯಾಡಿಸಿ, ಆಮೇಲೆ ನಮ್ಮ ಕಡೆ ತಿರುಗಿ ನಗುತ್ತಿದ್ದಳು. ನಾವು ಅಂಗಡಿಯ ಅಕ್ಕಿ ಉಣ್ಣುವ ಮನೆಯವರು. ನಮಗೆ ಕೊಡವರ ಸುಗ್ಗಿಹಬ್ಬ ಹುತ್ತರಿ ಎಂದರೆ ಶಾಲೆಗೆ ರಜೆ, ಕೋಲಾಟ ನೋಡುವುದು, ಅಷ್ಟೇ. ಅವಳು ಯಾಕೆ ಹಾಗೆ ಮಾಡಿದಳೆಂದು ಅಂದು ನಾನು ಕೇಳಿರಲೂ ಇಲ್ಲ.

ಅತ್ತೆ ಹೊಳೆಗೆ ಹೋದಾಗ ನಾನು ಬೇಲಿ ದಾಟಿ ಹೋದೆ. ಹಿರಿಯಾಕೆ ಕೊಟ್ಟಿಗೆಯ ಮುಂದೆ ಕರುವಿನ ಮೈ ಉಜ್ಜುತ್ತಿದ್ದರು. ನಾನು ಸುತ್ತಿ ಬಳಸಿ ಮಾತು ತೆಗೆಯುವಷ್ಟರಲ್ಲೇ ಅವರಿಗೆ ತಿಳಿಯಿತು. ಕೈ ಒರೆಸಿಕೊಂಡು ಹತ್ತಿರ ಬಂದರು.

"ಎಂತ ಮಾಡೋದು ಕುಂಞಿ. ಹುತ್ತರಿ ಆಗದೆ ಹೊಸ ಅಕ್ಕಿ ನಮಗೆ ಬಾಯಿಗೆ ಇಡುವ ಹಾಗಿಲ್ಲ. ಬೇಡ ಅಂತ ಹಿಂದೆ ಕೊಟ್ಟರೆ ನಿನ್ನ ಅತ್ತೆಗೆ ಬೇಜಾರು. ಬಿಸಾಡೋದಕ್ಕೆ ಆಗುತ್ತಾ, ಅನ್ನ ಅಲ್ವಾ. ಹಸುಗೆ ಕೊಟ್ಟೆ."

ಬೋಗುಣಿ ಬರಿದಾಗಿ ಬಂದದ್ದಕ್ಕೂ ಅವರಲ್ಲಿ ಕಾರಣವಿತ್ತು. ಹೊಸ ಅಕ್ಕಿ ಕೊಟ್ಟವರಿಗೆ ಹಳೆಯದನ್ನು ತುಂಬಿ ಕಳಿಸಿದರೆ ಚೆನ್ನಾಗಿರುತ್ತದೆಯೇ, ಅದು ತುಂಬಿ ಬರುವ ದಿನ ಬೇರೆ ಇದೆ ಎಂದರು. ಹುತ್ತರಿಯ ದಿನವನ್ನು ಇಗ್ಗುತ್ತಪ್ಪ ದೇವರ ಸನ್ನಿಧಿಯಲ್ಲಿ ಗೊತ್ತುಮಾಡುತ್ತಾರೆ, ಅಲ್ಲಿಯವರೆಗೆ ಯಾರೂ ಗದ್ದೆಗೆ ಕತ್ತಿ ಇಡುವುದಿಲ್ಲ ಎಂದು ನನಗೆ ಶಾಲೆಯ ಮಕ್ಕಳಿಗೆ ಹೇಳುವಂತೆ ಹೇಳಿದರು. ನಮ್ಮ ಗದ್ದೆಯ ಮೂಲೆಯಲ್ಲಿ ಕುಯ್ದ ಜಾಗ ಅವರ ಕಣ್ಣಿಗೆ ಬಿದ್ದಿತ್ತು. ಹೊಸಬರು, ಗೊತ್ತಿಲ್ಲ ಎಂದು ತಿಳಿದು ಊರಲ್ಲಿ ಯಾರ ಮುಂದೆಯೂ ಅದನ್ನು ಆಡಿರಲಿಲ್ಲ. ಆಡಬೇಡವೆಂದು ಮನೆಯವರಿಗೂ ಹೇಳಿದ್ದರು. ಆ ಆಳಿನ ಬಾಯಿಯೊಂದು ಮಾತ್ರ ನಿಲ್ಲಲಿಲ್ಲ ನೋಡು ಎಂದು ನಕ್ಕರು.

ಅತ್ತೆಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದೆ. ಇಬ್ಬರೂ ಮೊರ ಹಿಡಿದು ಅವರೆ ಆರಿಸುವಾಗ ಹೇಳಿದೆ. ಅವರ ಕೈ ನಿಲ್ಲಲಿಲ್ಲ. ಎಲ್ಲ ಕೇಳಿದ ಮೇಲೆ ಅವರು ಕೇಳಿದ್ದು ಒಂದೇ.

"ಹಸೀಗೆ ಕೊಟ್ರಂತಾ?"

ಹೌದೆಂದೆ. ಅವರು ಮೊರವನ್ನು ಕೆಳಗಿಟ್ಟರು. ನನಗಲ್ಲ, ಮೊರದ ಕಾಳಿಗೆ ಹೇಳುವಂತೆ ಹೇಳಿದರು. ಅವರ ಊರಲ್ಲಿ ಹೊಸ ಅನ್ನದ ಮೊದಲ ತುತ್ತು ಹಸುವಿನದು. ದೇವರ ಮುಂದೆ ಎತ್ತಿದ್ದನ್ನು ಕೊಟ್ಟಿಗೆಗೆ ಒಯ್ದು ಕೊಟ್ಟೇ ಮನೆಯವರು ಎಲೆಯ ಮುಂದೆ ಕೂರುವುದು. ಇಲ್ಲಿ ಕೊಟ್ಟಿಗೆಯಲ್ಲಿ ಗಾಡಿಯ ಎತ್ತುಗಳು ಮಾತ್ರ. ಹಾಲು ಕರೆಯುವ ಹಸುವನ್ನು ಹೊರಡುವಾಗ ಅಲ್ಲೇ ಬಿಟ್ಟುಬಂದಿದ್ದರು. ಈ ಸಲ ಆ ತುತ್ತು ಎತ್ತುವುದನ್ನೇ ತಾವು ಬಿಟ್ಟಿದ್ದರು.

"ನಾನು ಮರ್ತಿದ್ದ ಅವ್ರು ಮಾಡವ್ರೆ," ಎಂದರು. ಮೊರ ಎತ್ತಿಕೊಂಡು ಮತ್ತೆ ಆರಿಸತೊಡಗಿದರು.

ಇಲ್ಲಿಗೆ ಮುಗಿಯಲಿಲ್ಲ. ಮಾವ ಮಾರನೆಯ ದಿನವೇ ಕುಯ್ಲಿಗೆ ಕುಡುಗೋಲು ಮಸೆದಿಟ್ಟಿದ್ದರು. ಹುತ್ತರಿಗೆ ಇನ್ನೂ ಎರಡು ವಾರಕ್ಕಿಂತ ಹೆಚ್ಚಿತ್ತು. ಗದ್ದೆಯವರೆಗೆ ಹೋಗಿ ಅತ್ತೆ ಅವರನ್ನು ತಡೆದರು.

"ಕಾಳು ಉದುರ್ತದೆ ಕಣೆ. ಹದ ಮೀರಿದ್ ಪೈರ ಯಾರಾನ ನಿಲ್ಲಿಸ್ತಾರಾ?" ಎಂದರು ಮಾವ.

"ಉದುರ್ಲಿ ಬುಡಿ. ಮೊದ್ಲು ಉಂಡಿದ್ದು ಆಗೋಯ್ತು. ಮೊದ್ಲು ಕುಯ್ಯೋದು ಬ್ಯಾಡ. ಊರು ಕುಯ್ಯೋ ದಿನ ಕುಯ್ಯಾನ."

"ಹೋಗಾನ ಅಂದೋಳು ನೀನೇ. ಈಗ ಇರಾನ ಅಂತ ಇರೋ ಬೆಳೇನೂ ಕಳೀತಿಯಲ್ಲ."

ಅತ್ತೆ ಕುಡುಗೋಲನ್ನು ಎತ್ತಿಕೊಂಡು ಮನೆಗೆ ಬಂದರು. ಮಾವ ಹೇಳಿದ್ದು ಸುಳ್ಳಾಗಿರಲಿಲ್ಲ. ಆ ಒಂದು ಬೆಳೆಯ ಮೇಲೆ ಇಡೀ ವರ್ಷ ನಿಂತಿತ್ತು; ಅದು ಕೈ ಬಿಟ್ಟರೆ ಇರಬೇಕೆಂದರೂ ಇರುವಂತಿರಲಿಲ್ಲ. ದಿನಾ ಬೆಳಿಗ್ಗೆ ಅತ್ತೆ ಗದ್ದೆಗೆ ಹೋಗಿ ಒಂದು ತೆನೆಯನ್ನು ಅಂಗೈ ಮೇಲೆ ಮಲಗಿಸಿ ಮೆಲ್ಲಗೆ ತಟ್ಟಿ ನೋಡುತ್ತಿದ್ದರು. ಮೊದಲು ಒಂದೆರಡು ಕಾಳು ಬೀಳುತ್ತಿದ್ದವು, ಆಮೇಲೆ ಹಿಡಿಯಷ್ಟು. ಗಿಳಿಗಳು ಹಿಂಡು ಹಿಂಡಾಗಿ ಬಂದವು. ನನಗೆ ಖಾಲಿ ಡಬ್ಬ ಬಡಿಯುವ ಕೆಲಸ ಸಿಕ್ಕಿತು. ಆ ಕೆಲಸ ನನಗೆ ಚೆನ್ನಾಗಿ ಬಂತು.

ಒಂದು ದಿನ ನೆರೆಮನೆಯ ಮಗ ಬದುವಿನ ಮೇಲೆ ನಿಂತು, ಇಷ್ಟು ಬಲಿತಿದೆ, ಯಾಕೆ ಕುಯ್ಯಲಿಲ್ಲ ಎಂದು ಮಾವನನ್ನು ಕೇಳಿದರು. ಹುತ್ತರಿ ಆಗಬೇಕಂತೆ, ನಮ್ಮನೆಯವಳ ಅಪ್ಪಣೆ ಎಂದರು ಮಾವ, ಅರ್ಧ ಕೋಪದಲ್ಲಿ. ಕೇಳಿದವರು ಗದ್ದೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಬದು ಇಳಿದು ಹೋದರು.

ಹುತ್ತರಿಯ ಸಂಜೆ ನಮ್ಮನ್ನು ಕರೆಯಲು ಹಿರಿಯಾಕೆಯೇ ಬಂದರು. ಮೊದಲ ಸಲ ನಮ್ಮ ಅಡಿಗೆಮನೆಯೊಳಗೆ ಬಂದು, ಇಟ್ಟಿಗೆಯ ಮೇಲಿನ ಒರಳನ್ನು ಕಂಡು ನಿಂತರು.

"ಇದೆಂತ, ನಿಮ್ಮ ಊರಲ್ಲಿ ಒರಳು ನಡೆಯುತ್ತಾ?"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿ ನಕ್ಕರು. ನಡೀತದೆ ಅಕ್ಕಾರೆ, ಚನ್ನರಾಯಪಟ್ಟಣದಿಂದ ಇಲ್ಲಿಗಂಟ ನಡ್ಕಂಡೇ ಬಂತು ಎಂದರು.

ಅಂದು ಅವರ ಗದ್ದೆಯಲ್ಲಿ ಚಂದ್ರ ಮೇಲೆ ಬಂದ ಹೊತ್ತಿಗೆ ಕೋವಿಯ ಸದ್ದಾಯಿತು. ಬೆಳೆ ಹೆಚ್ಚಲೆಂದು 'ಪೊಲಿ ಪೊಲಿ' ಎಂದು ಕೂಗುತ್ತಾ ಮೊದಲ ಕದಿರು ತೆಗೆದರು. ಅತ್ತೆ ತಮ್ಮ ಮದುವೆಯ ಸೀರೆ ಉಟ್ಟು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬದುವಿನ ಕೊನೆಯಲ್ಲಿ ನನ್ನ ತೋಳು ಹಿಡಿದು ನಿಂತಿದ್ದರು. ಹಿರಿಯಾಕೆ ಬಂದು ಅವರ ಕೈ ಹಿಡಿದು ಮನೆಯ ಹೆಂಗಸರ ನಡುವೆ ನಿಲ್ಲಿಸಿದರು. ಹೊಸ ಅಕ್ಕಿಯ ಕೆಲವು ಕಾಳು ಹಾಕಿದ ಪಾಯಸವನ್ನು ಎಲ್ಲರೊಡನೆ ನಮಗೂ ಕೊಟ್ಟರು. ಅತ್ತೆ ಬಾಯಿಗೆ ಹಾಕಿಕೊಳ್ಳುವ ಮುಂಚೆ ಒಮ್ಮೆ ಕೊಟ್ಟಿಗೆಯ ಕಡೆ ನೋಡಿದರು. ಹಿರಿಯಾಕೆ ಅದನ್ನು ಕಂಡು, ಆಯಿತು ಎಂಬಂತೆ ತಲೆಯಾಡಿಸಿದರು. ಬರುವಾಗ ನಮ್ಮ ಬಾಗಿಲಿಗೆ ಕಟ್ಟಲು ಎಲೆಗಳಲ್ಲಿ ಸುತ್ತಿದ ಕದಿರಿನ ಕಟ್ಟು ಕೊಟ್ಟರು. ಬೋಗುಣಿಯನ್ನು ಕೇಳಿ ಪಡೆದು, ಬಾಳೆಹಣ್ಣು ಕಲಸಿದ ತಂಬಿಟ್ಟನ್ನು ಮುಚ್ಚಳ ಕೂರದಷ್ಟು ತುಂಬಿ ಕೊಟ್ಟರು.

ಮರುದಿನ ಬೆಳಗ್ಗೆ ಮಾವ ಗದ್ದೆಗೆ ಹೋಗುವಷ್ಟರಲ್ಲಿ ಅಲ್ಲಿ ಜನ ಇಳಿದಿದ್ದರು. ನೆರೆಮನೆಯ ಮಗ, ಅವರ ಆಳುಗಳು, ಆಚೆ ಮನೆಗಳವರೂ ಕೆಲವರು. ಅವರವರ ಗದ್ದೆಗಳು ಹಾಗೇ ನಿಂತಿದ್ದವು. ನಮ್ಮದು ಇನ್ನೂ ಒಂದು ವಾರ ನಿಂತರೂ ಏನೂ ಆಗದು, ನಿಮ್ಮದು ಸಂಜೆಯವರೆಗೂ ತಡೆಯುವುದಿಲ್ಲ ಎಂದರಂತೆ. ತೆನೆ ಅಲ್ಲಾಡದಂತೆ ಮೆಲ್ಲಗೆ ಹಿಡಿದು, ಮಗುವನ್ನು ಎತ್ತುವಂತೆ ಕುಯ್ದು ಇಡುತ್ತಿದ್ದರು. ಮಾವ ಕಟ್ಟು ಹೊರುತ್ತಾ ನಡುವೆ ನಿಂತು ಮೂಗು ಒರೆಸಿಕೊಂಡದ್ದನ್ನು ನೋಡಿ ನಾನು ಬೇರೆ ಕಡೆ ತಿರುಗಿದೆ. ಸುರಿದುಹೋದದ್ದು ಹೋಗಿತ್ತು. ಆದರೂ ವರ್ಷಕ್ಕೆ ಸಾಲುವಷ್ಟು, ಬಿಗಿಹಿಡಿದು ಉಂಡರೆ ಸಾಲುವಷ್ಟು, ಮನೆಗೆ ಬಂತು. ಮುಂದಿನ ವರ್ಷಕ್ಕೆ ಮಾವ ಬಿತ್ತಿದ್ದು ನೆರೆಮನೆಯಿಂದ ತಂದ, ಹುತ್ತರಿಯ ಹೊತ್ತಿಗೆ ಬಲಿಯುವ ಭತ್ತ. ಅದರ ನಡುವೆ ಉದುರಿದ್ದ ಹಳೆಯ ಜಾತಿ ಅಲ್ಲಲ್ಲಿ ಹುಟ್ಟಿ ಮೊದಲೇ ಹಳದಿಯಾಗಿ ನಿಲ್ಲುತ್ತಿತ್ತು. ಅತ್ತೆ ಅದನ್ನು ಕೀಳಲು ಬಿಡಲಿಲ್ಲ, ಕುಯ್ಯಲೂ ಇಲ್ಲ. ಗಿಳಿಗಳಿಗೆ ಇರಲಿ ಎನ್ನುತ್ತಿದ್ದರು.

ಕುಯ್ಲಿನ ಕೆಲಸವೆಲ್ಲ ಮುಗಿದ ಒಂದು ಮಧ್ಯಾಹ್ನ ಅತ್ತೆ ಅಡಿಗೆಮನೆಯ ಮೂಲೆಯಲ್ಲಿ ಸೀಮೆಸುಣ್ಣದಿಂದ ಒಂದು ಸುತ್ತು ಬರೆದು, ಮಾವನ ಕೈಗೆ ಹಾರೆ ಕೊಟ್ಟರು. ಕೆಂಪು ಮಣ್ಣು ಸುಲಭವಾಗಿ ಬಂತು. ಒರಳನ್ನು ಇಳಿಸಿ, ಸುತ್ತ ಹೊಳೆಯ ಕಲ್ಲುಗಳನ್ನು ತುಂಬಿ, ಮಣ್ಣು ಬಡಿದು, ಸಗಣಿ ಸಾರಿಸಿದರು. ಅತ್ತೆ ಅದರೊಳಗೆ ನೀರು ಹಾಕಿ ನೋಡಿದರು. ನೀರು ಒಂದು ಕಡೆಗೆ ಚೂರು ಹೆಚ್ಚಾಗಿ ನಿಂತಿತು. ಮತ್ತೆ ಕಿತ್ತು ಕೂರಿಸಲೇ ಎಂದು ಮಾವ ಕೇಳಿದರು. ಬ್ಯಾಡ, ಇನ್ ಅದ ಮುಟ್ಟಬೇಡಿ ಎಂದರು ಅತ್ತೆ.

ಮಣ್ಣು ಒಣಗಿದ ಮೇಲೆ ಮೊದಲ ಸಲ ಭತ್ತ ಹಾಕಿದಾಗ ನಾನು ಅಭ್ಯಾಸದಿಂದ ಅಂಚು ಹಿಡಿಯಲು ಕೂತೆ. ಹಿಡಿಯುವುದು ಏನೂ ಇರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡು ಕೂತಿದ್ದವಳನ್ನು ಅತ್ತೆ ಒಂದು ಗಳಿಗೆ ನೋಡಿದರು. ಗೋಡೆಗೆ ಒರಗಿಸಿದ್ದ ಇನ್ನೊಂದು ಒನಕೆಯನ್ನು ತಂದು ನನ್ನ ಕೈಗೆ ಕೊಟ್ಟರು.

"ಏಳು ಮಗ. ನಂದು ಮೇಲೆ ಹೋದಾಗ ನಿಂದು ಕೆಳಕ್ ಬರ್ಬೇಕು."